ಏದುಸಿರು ಬರುವಷ್ಟು ನಡೆಯಲಿ, ಗುಳಿಗೆ ಮಾತ್ರ ಬಿಡಿಸಬೇಡಿ

ಪ್ರಶ್ನೆ: ನಮ್ಮ ಮಾವನವರಿಗೆ 62 ವರ್ಷ, ನಿವೃತ್ತ ಮಾಸ್ತರು. ಎರಡು ವರ್ಷದ ಹಿಂದೆ ಪಾರ್ಕಿನ್ಸನ್ ಅಂತ ಗೊತ್ತಾಯಿತು. ಬಲಗೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ. ದಿನಾ ಬೆಳಿಗ್ಗೆ ಗೆಳೆಯರ ಜೊತೆ ಮಾತಾಡುತ್ತಾ ಅಪ್ಪನ ಕೆರೆ ಸುತ್ತ ಅಡ್ಡಾಡಿ ಬರುತ್ತಾರೆ. ಜೋರು ವ್ಯಾಯಾಮ ಮಾಡಿದರೆ ಸತ್ತ ಮೆದುಳಿನ ಕೋಶಗಳು ಮತ್ತೆ ಹುಟ್ಟುತ್ತವೆ, ಗುಳಿಗೆ ಬೇಕಾಗಲ್ಲ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಅತ್ತೆಯವರು ಮಾತ್ರ "ನಡುಗೋ ಮನುಷ್ಯಾಗ ಕಸರತ್ತು ಯಾಕ, ಸುಮ್ನ ಕುಂದರ್ಲಿ" ಅಂತಾರೆ. ಯಾರ ಮಾತು ಕೇಳಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಇಬ್ಬರ ಮಾತೂ ಪೂರ್ತಿ ಕೇಳಬೇಡಿ. ಅತ್ತೆಯವರ ಕಾಳಜಿ ಅರ್ಥವಾಗುತ್ತದೆ. ಆದರೆ ಈ ಕಾಯಿಲೆಯಲ್ಲಿ ಕೂತಷ್ಟೂ ಮೈ ಬಿಗಿಯುತ್ತದೆ. ವಾಟ್ಸ್ಆ್ಯಪ್ ಮಾತಿನಲ್ಲಿ ಒಂದು ಎಳೆ ನಿಜ ಇದೆ, ಉಳಿದದ್ದು ಉಪ್ಪು ಖಾರ.

ಮೆದುಳಿನ ಆಳದಲ್ಲಿ ಡೋಪಮಿನ್ (ಕೈಕಾಲಿನ ಚಲನೆ ಸರಾಗವಾಗಿಡುವ ರಾಸಾಯನಿಕ) ತಯಾರಿಸುವ ಕಪ್ಪು ಬಣ್ಣದ ಕೋಶಗಳಿವೆ. ಕೈ ನಡುಕ ಕಾಣುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಹಾಳಾಗಿರುತ್ತದೆ. 2024ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 10 ಜನ ರೋಗಿಗಳಿಗೆ ಆರು ತಿಂಗಳು ಜೋರು ವ್ಯಾಯಾಮ ಮಾಡಿಸಿ, ಮೊದಲು ಮತ್ತು ಆಮೇಲೆ ಮೆದುಳಿನ ಸ್ಕ್ಯಾನ್ ಮಾಡಿದರು. ಕುಗ್ಗಬೇಕಿದ್ದ ಡೋಪಮಿನ್ ಕೋಶಗಳ ಗುರುತು ಹೆಚ್ಚಾಗಿ ಕಂಡಿತು. ಹೊಸ ಕೋಶ ಹುಟ್ಟಿತು ಅಂತ ಇದರಿಂದ ಹೇಳಲಾಗದು. ಉಳಿದ ಕೋಶಗಳು ಚುರುಕಾದವು ಅಂತ ಓದಿಕೊಳ್ಳುವುದು ಹೆಚ್ಚು ಸರಿ. ಅದೂ ಹತ್ತೇ ಜನ, ಹೋಲಿಸಿ ನೋಡಲು ವ್ಯಾಯಾಮ ಮಾಡದ ಇನ್ನೊಂದು ಗುಂಪೂ ಇರಲಿಲ್ಲ. ಇಷ್ಟಕ್ಕೇ ಗುಳಿಗೆ ಬಿಡಿಸೋದಾ? ಬೇಡವೇ ಬೇಡ. ಈ ಕಾಯಿಲೆಗೆ ಕೊಡುವ ಮುಖ್ಯ ಗುಳಿಗೆ ಲೆವೊಡೋಪಾ, ಮೆದುಳಿನಲ್ಲಿ ಅದೇ ಡೋಪಮಿನ್ ಆಗುತ್ತದೆ. ಅದನ್ನು ತಟ್ಟನೆ ನಿಲ್ಲಿಸಿದರೆ ಮೈ ಕಟ್ಟಿಗೆಯಾಗಿ, ಜ್ವರ ಬಂದು, ಜೀವಕ್ಕೇ ಅಪಾಯವಾಗಬಹುದು.

ನನಗೆ ಹೆಚ್ಚು ತೂಕದ್ದು ಅನಿಸುವುದು 2018ರಲ್ಲಿ ಪ್ರಕಟವಾದ ಸ್ಪಾರ್ಕ್ಸ್ ಅಧ್ಯಯನ. ಕಾಯಿಲೆ ಹೊಸದಾಗಿ ಗೊತ್ತಾದ, ಗುಳಿಗೆ ಇನ್ನೂ ಶುರು ಮಾಡದ 128 ಜನ ಅದರಲ್ಲಿದ್ದರು. ಒಂದು ಗುಂಪು ಟ್ರೆಡ್‌ಮಿಲ್ ಮೇಲೆ ಜೋರಾಗಿ, ಇನ್ನೊಂದು ಮಧ್ಯಮ ವೇಗದಲ್ಲಿ, ಮೂರನೆಯದು ಎಂದಿನಂತೆ. ಆರು ತಿಂಗಳಲ್ಲಿ ಎಂದಿನಂತೆ ಇದ್ದವರ ಚಲನೆಯ ಅಂಕ (ನಡುಕ, ಬಿಗಿತ ನೋಡಿ ವೈದ್ಯರು ಕೊಡುವುದು, ಏರಿದಷ್ಟೂ ಕಾಯಿಲೆ ಜಾಸ್ತಿ) ಸುಮಾರು 3 ಹದಗೆಟ್ಟಿತು. ಜೋರು ಗುಂಪಿನವರದು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಮಧ್ಯಮ ವೇಗದವರಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ.

ಹಾಗಾದರೆ ಜೋರು ಅಂದರೆ ಎಷ್ಟು? ಹೆಚ್ಚೆಂದರೆ ಎದೆ ಎಷ್ಟು ಬಡಿಯಬಹುದೋ ಅದರ ಶೇ 80ರಿಂದ 85. ಆ ಗರಿಷ್ಠ ಬಡಿತದ ಅಂದಾಜು ಲೆಕ್ಕ, 220ರಲ್ಲಿ ವಯಸ್ಸು ಕಳೆಯುವುದು. ಮಾವನವರಿಗೆ 220ರಲ್ಲಿ 62 ಕಳೆದರೆ 158. ಅದರ ಶೇ 80ರಿಂದ 85 ಅಂದರೆ ನಿಮಿಷಕ್ಕೆ ಸುಮಾರು 126ರಿಂದ 134 ಬಡಿತ. ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ತಗೊಳ್ಳುವವರಲ್ಲಿ ಈ ಲೆಕ್ಕ ನಡೆಯಲ್ಲ, ಬಡಿತ ಅಷ್ಟು ಏರುವುದಿಲ್ಲ. ಅವರಿಗೆ ಸುಲಭದ ಅಳತೆ ಮಾತು. ಮೂರ್ನಾಲ್ಕು ಪದ ಆಡಿ ಉಸಿರು ಎಳೆದುಕೊಳ್ಳಬೇಕಾಗಬೇಕು. ಕೆರೆ ದಂಡೆಯಲ್ಲಿ ಒಂದು ಸುತ್ತು ಪೂರ್ತಿ ರಾಜಕೀಯ ಮಾತಾಡಲು ಆಗುತ್ತದೆ ಅಂದರೆ ಅದು ಜೋರು ನಡಿಗೆ ಅಲ್ಲ. ಹರಟೆ ಬಿಡಿಸಬೇಡಿ, ಮನಸ್ಸಿಗೆ ಅದೂ ಬೇಕು. ಆದರೆ ಅದನ್ನು ವ್ಯಾಯಾಮದ ಲೆಕ್ಕಕ್ಕೆ ಹಿಡಿಯಬೇಡಿ.

ಶುರು ಮಾಡುವ ಮೊದಲು ಹೃದಯದ ತಪಾಸಣೆ ಆಗಲಿ, ವೈದ್ಯರು ಹೇಳಿದರೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಕೂಡ. ಮೊದಲ ವಾರಗಳು ಹತ್ತು ನಿಮಿಷ ಸಾಕು. ನಿಧಾನವಾಗಿ ಏರಿಸುತ್ತಾ ವಾರಕ್ಕೆ ಮೂರು ನಾಲ್ಕು ದಿನ, ಅರ್ಧ ಗಂಟೆಗೆ ಬನ್ನಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮನೆಯೊಳಗೆ ಒಂದೇ ಕಡೆ ಇಟ್ಟು ತುಳಿಯುವ ವ್ಯಾಯಾಮದ ಸೈಕಲ್ಲೇ ಮೇಲು. ನೆದರ್ಲೆಂಡ್ಸ್‌ನಲ್ಲಿ ಮನೆಯಲ್ಲೇ ಇಂಥ ಸೈಕಲ್ ತುಳಿಸಿದ ಅಧ್ಯಯನದಲ್ಲೂ ಒಳ್ಳೆಯ ಫಲ ಸಿಕ್ಕಿದೆ.

ಗುಳಿಗೆ ಕೆಲಸ ಮಾಡುತ್ತಿರುವ ಹೊತ್ತು, ಅಂದರೆ ನುಂಗಿ ಮುಕ್ಕಾಲು ಗಂಟೆ, ಒಂದು ಗಂಟೆ ಆದ ಮೇಲೆ ವ್ಯಾಯಾಮ ಸಲೀಸು. ಇನ್ನೊಂದು ಮಾತು. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಲೆವೊಡೋಪಾಕ್ಕೆ ಅಡ್ಡ ಬರುತ್ತದೆ. ರೊಟ್ಟಿ ಬ್ಯಾಳಿ ಉಣ್ಣುವ ಅರ್ಧ ಗಂಟೆ ಮೊದಲೇ ನುಂಗಲಿ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ವೈದ್ಯರಿಗೆ ಹೇಳಿ.

ಪ್ರಶ್ನೆ: ನನಗೆ 71. ಪಾರ್ಕಿನ್ಸನ್ ಬಂದು ಎಂಟು ವರ್ಷ. ಬಾಗಿಲು ದಾಟುವಾಗ ಕಾಲು ನೆಲಕ್ಕೆ ಅಂಟುತ್ತದೆ, ಈ ವರ್ಷ ಎರಡು ಸಲ ಬಿದ್ದಿದ್ದೇನೆ. ನಾನೂ ಜೋರು ವ್ಯಾಯಾಮ ಮಾಡಬಹುದಾ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಟ್ರೆಡ್‌ಮಿಲ್ ಬೇಡ ರೀ. ಕೂತು ತುಳಿಯುವ, ಬೆನ್ನಿಗೆ ಆಸರೆ ಇರುವ ಸೈಕಲ್ ಆಗಬಹುದು. ಹತ್ತಿ ಇಳಿಯುವಾಗ ಒಬ್ಬರು ಜೊತೆಗಿರಲಿ. ನಡೆಯಲು ಕಾಲು ಏಳದ ಕೆಲವರು ಸೈಕಲ್ ಮಾತ್ರ ಆರಾಮಾಗಿ ತುಳಿಯುತ್ತಾರೆ. 2010ರಲ್ಲಿ ನೆದರ್ಲೆಂಡ್ಸ್ ವೈದ್ಯರು ಅಂಥ ಒಬ್ಬ ರೋಗಿಯ ಬಗ್ಗೆ ಬರೆದಾಗ ನಾವೆಲ್ಲ ಬೆರಗಾಗಿದ್ದೆವು. ಕಾಲು ಅಂಟಿದಾಗ ಎಳೆದಾಡಬೇಡಿ. ನಿಂತು, ಎಣಿಸಿ, ನೆಲದ ಮೇಲೊಂದು ಗೆರೆ ಇದೆ ಅಂದುಕೊಂಡು ಅದನ್ನು ದಾಟಿ. ಹೊಸ್ತಿಲ ಬಳಿ ಬಣ್ಣದ ಟೇಪ್ ಅಂಟಿಸಿದರೂ ಕೆಲವರಿಗೆ ಅನುಕೂಲ.

ವ್ಯಾಯಾಮಕ್ಕಿಂತ ಮೊದಲು ಬಿದ್ದಿದ್ದು ಯಾಕೆ ಅಂತ ತಿಳಿಯಬೇಕು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಆ ಚೀಟಿ ಹಿಡಿದು ನಿಮ್ಮ ನರರೋಗ ವೈದ್ಯರ ಹತ್ತಿರ ಹೋಗಿ. ಗುಳಿಗೆಯ ಪ್ರಮಾಣ ಬದಲಿಸಬೇಕಾಗಬಹುದು.