ಮೆನುವಿನಿಂದ ಸೇರಿಸಿದ ಪುಸ್ತಕ ಪಟ್ಟಿಯಲ್ಲಿ ಏಕೆ ಕಾಣುತ್ತಿಲ್ಲ?

ಗ್ರಂಥಾಲಯದ ಪ್ರಾಜೆಕ್ಟ್‌ಗಾಗಿ ಜಾವಾದಲ್ಲಿ ಬುಕ್ ಮತ್ತು ಲೈಬ್ರರಿ ಎಂಬ ಎರಡು ಕ್ಲಾಸ್‌ಗಳನ್ನು ಬರೆದಿದ್ದೀರಿ, ಮೆನುವೂ ಪರದೆಯ ಮೇಲೆ ಸರಿಯಾಗಿಯೇ ಮೂಡುತ್ತಿದೆ, ಆದರೆ 1 ಒತ್ತಿ ಪುಸ್ತಕ ಸೇರಿಸಿದ ಮೇಲೆ 2 ಒತ್ತಿ ಪಟ್ಟಿ ಕೇಳಿದರೆ ಏನೂ ಬರುತ್ತಿಲ್ಲ ಎಂದು ಕೇಳಿದ್ದೀರಿ. ನೀವು ಹಾಕಿರುವ ಕೋಡ್‌ನಲ್ಲಿಯೇ ಕಾರಣ ಕಾಣುತ್ತದೆ: ಒತ್ತಿದ ಅಂಕಿಗೆ ತಕ್ಕ ಕೆಲಸವನ್ನು ಆರಿಸುವ ಸ್ವಿಚ್‌ನ ಪ್ರತಿಯೊಂದು ಕೇಸ್‌ನ (ಆಯ್ಕೆಯ) ಒಳಗೂ ‘ನ್ಯೂ ಲೈಬ್ರರಿ’ ಎಂದು ಬರೆದಿದ್ದೀರಿ.

‘ನ್ಯೂ’ ಎಂದಾಗಲೆಲ್ಲ ಜಾವಾ ಹೊಸದೊಂದು ಆಬ್ಜೆಕ್ಟನ್ನು ಸೃಷ್ಟಿಸುತ್ತದೆ, ಅದರೊಳಗೆ ಪುಸ್ತಕಗಳನ್ನು ಇಡುವ ಪಟ್ಟಿಯಾದ ಅರೇಲಿಸ್ಟ್ ಕೂಡ ಖಾಲಿಯಾಗಿಯೇ ಹುಟ್ಟುತ್ತದೆ. ಹಾಗಾಗಿ ಮೊದಲನೆಯ ಕೇಸ್‌ನಲ್ಲಿ ಪುಸ್ತಕ ಸೇರಿದ್ದು ಒಂದು ಲೈಬ್ರರಿಗೆ, ಎರಡನೆಯ ಕೇಸ್‌ನಲ್ಲಿ ನೀವು ಪಟ್ಟಿ ಕೇಳಿದ್ದು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಲೈಬ್ರರಿಯನ್ನು. ಗ್ರಂಥಪಾಲಕರು ಓದುಗರೊಬ್ಬರು ಬಂದಾಗಲೆಲ್ಲ ಹೊಸ ರಿಜಿಸ್ಟರ್ ತೆರೆದಂತೆ ಇದು. ವ್ಯಾಕರಣದ ದೃಷ್ಟಿಯಿಂದ ಕೋಡ್ ಸರಿಯಾಗಿಯೇ ಇರುವುದರಿಂದ ಕಂಪೈಲರ್ ಯಾವ ದೋಷವನ್ನೂ ತೋರಿಸುವುದಿಲ್ಲ, ಕಲಿಯುವವರನ್ನು ಹೆಚ್ಚು ಕಾಡುವುದು ಇಂಥ ದೋಷಗಳೇ.

ಇದನ್ನು ಸರಿಪಡಿಸಲು ಅರೇಲಿಸ್ಟನ್ನು ಸ್ಟ್ಯಾಟಿಕ್ ಮಾಡಿಬಿಡಿ ಎಂದು ಯಾರಾದರೂ ಹೇಳಬಹುದು, ಹಾಗೆ ಮಾಡಿದರೆ ಪಟ್ಟಿಯೂ ಬರುತ್ತದೆ. ಆದರೂ ದಯವಿಟ್ಟು ಆ ದಾರಿ ಹಿಡಿಯಬೇಡಿ, ಏಕೆಂದರೆ ಆಗ ಎಲ್ಲ ಲೈಬ್ರರಿ ಆಬ್ಜೆಕ್ಟ್‌ಗಳೂ ಒಂದೇ ಪಟ್ಟಿಯನ್ನು ಹಂಚಿಕೊಳ್ಳುತ್ತವೆ ಮತ್ತು ಕ್ಲಾಸ್ ಬರೆದ ಉದ್ದೇಶವೇ ಕೆಟ್ಟುಹೋಗುತ್ತದೆ. ಅದರ ಬದಲು ಮೆನುವಿಗಾಗಿಯೇ ಮೂರನೆಯ ಕ್ಲಾಸ್ ಒಂದನ್ನು ಬರೆಯಿರಿ. ಅದರಲ್ಲಿ ಲೈಬ್ರರಿ ಬಗೆಯ ಒಂದು ಪ್ರೈವೇಟ್ ಫೀಲ್ಡ್ (ಆ ಕ್ಲಾಸ್‌ನ ಒಳಗಷ್ಟೇ ಬಳಸಬಹುದಾದ ವೇರಿಯಬಲ್) ಇರಲಿ, ಆಬ್ಜೆಕ್ಟ್ ಸೃಷ್ಟಿಯಾಗುವಾಗ ಓಡುವ ಕನ್‌ಸ್ಟ್ರಕ್ಟರ್‌ಗೆ ಪ್ಯಾರಾಮೀಟರ್ ಆಗಿ ಬಂದ ಲೈಬ್ರರಿಯನ್ನು ಆ ಫೀಲ್ಡ್‌ನಲ್ಲಿ ಇರಿಸಿಕೊಳ್ಳಲಿ. ಮೇನ್ ಮೆಥಡ್‌ನಲ್ಲಿ ಇರಬೇಕಾದದ್ದು ಮೂರೇ ಸಾಲು: ಲೈಬ್ರರಿಯನ್ನು ಒಮ್ಮೆ ಸೃಷ್ಟಿಸುವುದು, ಅದನ್ನು ಕೊಟ್ಟು ಮೆನುವನ್ನು ಸೃಷ್ಟಿಸುವುದು, ಮೆನುವಿನ ರನ್ ಮೆಥಡನ್ನು ಕರೆಯುವುದು. ವೈಲ್ ಲೂಪ್ ಮತ್ತು ಸ್ವಿಚ್ ಎರಡೂ ರನ್ ಮೆಥಡ್‌ನ ಒಳಗೆ ಹೋಗುತ್ತವೆ, ಪ್ರತಿ ಕೇಸ್ ಕೂಡ ಆ ಒಂದೇ ಫೀಲ್ಡ್‌ನ ಮೂಲಕ ಮಾತನಾಡುತ್ತದೆ.

ನಿಮ್ಮ ಕೋಡ್‌ನಲ್ಲಿ ಇನ್ನೊಂದು ತೊಡಕೂ ಇದೆ. ಆಯ್ಕೆಯನ್ನು ಸ್ಕ್ಯಾನರ್‌ನ (ಕೀಲಿಮಣೆಯಲ್ಲಿ ಒತ್ತಿದ್ದನ್ನು ಓದುವ ಆಬ್ಜೆಕ್ಟ್) ನೆಕ್ಸ್ಟ್‌ಇಂಟ್‌ನಿಂದ ಓದಿ, ಪುಸ್ತಕದ ಹೆಸರನ್ನು ನೆಕ್ಸ್ಟ್‌ಲೈನ್‌ನಿಂದ ಓದುತ್ತಿದ್ದೀರಿ. ನೆಕ್ಸ್ಟ್‌ಇಂಟ್ ಅಂಕಿಯನ್ನು ಮಾತ್ರ ತೆಗೆದುಕೊಂಡು, ನೀವು ಒತ್ತಿದ ಎಂಟರ್ ಅನ್ನು ಅಲ್ಲಿಯೇ ಬಿಡುತ್ತದೆ. ಮುಂದಿನ ನೆಕ್ಸ್ಟ್‌ಲೈನ್ ಆ ಎಂಟರ್ ಅನ್ನೇ ಒಂದು ಸಾಲೆಂದು ಓದಿಕೊಳ್ಳುವುದರಿಂದ ಪುಸ್ತಕದ ಹೆಸರು ಖಾಲಿಯಾಗಿ ದಾಖಲಾಗುತ್ತದೆ. ಎಲ್ಲವನ್ನೂ ನೆಕ್ಸ್ಟ್‌ಲೈನ್‌ನಿಂದಲೇ ಓದಿ, ಆಯ್ಕೆಯನ್ನು ಮಾತ್ರ ಇಂಟಿಜರ್ ಕ್ಲಾಸ್‌ನ ಪಾರ್ಸ್‌ಇಂಟ್‌ನಿಂದ ಅಂಕಿಯಾಗಿ ಬದಲಾಯಿಸಿಕೊಳ್ಳಿ. ಬಳಕೆದಾರರು ಅಂಕಿಯ ಜಾಗದಲ್ಲಿ ಅಕ್ಷರ ಒತ್ತಿದರೆ ಬರುವ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಷನ್ ಅನ್ನು ಟ್ರೈ–ಕ್ಯಾಚ್‌ನಲ್ಲಿ ಹಿಡಿದು, ಮೆನುವನ್ನು ಮತ್ತೆ ತೋರಿಸಿದರಾಯಿತು. ಸ್ಕ್ಯಾನರ್ ಕೂಡ ಒಂದೇ ಇರಲಿ, ಅದೂ ಮೆನು ಕ್ಲಾಸ್‌ನಲ್ಲಿಯೇ ಇರಲಿ.

ಇನ್ನು ಯಾವ ಕೆಲಸ ಯಾವ ಕ್ಲಾಸ್‌ಗೆ ಸೇರಬೇಕು ಎಂಬ ನಿಮ್ಮ ಕೊನೆಯ ಪ್ರಶ್ನೆ ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು. ಕೇಳುವುದು, ತೋರಿಸುವುದು ಮೆನುವಿನ ಕೆಲಸ. ಪುಸ್ತಕಗಳ ಲೆಕ್ಕ ಇಡುವುದು ಲೈಬ್ರರಿಯ ಕೆಲಸ. ಉದಾಹರಣೆಗೆ, ಪುಸ್ತಕವನ್ನು ಎರವಲು ಕೊಡುವ ಮೆಥಡ್ ‘ಈ ಪುಸ್ತಕ ಈಗಾಗಲೇ ಹೊರಗಿದೆ’ ಎಂದು ತಾನೇ ಮುದ್ರಿಸುವ ಬದಲು ಟ್ರೂ ಅಥವಾ ಫಾಲ್ಸ್ ಅನ್ನು ಹಿಂದಿರುಗಿಸಲಿ, ಅದಕ್ಕೆ ತಕ್ಕ ಮಾತನ್ನು ಮೆನು ಹೇಳಲಿ. ಹೀಗೆ ಬರೆದರೆ ಮುಂದೆ ಮೆನುವಿನ ಜಾಗದಲ್ಲಿ ಸ್ವಿಂಗ್ ಬಳಸಿ ಕಿಟಕಿ, ಬಟನ್‌ಗಳನ್ನು ತರಬೇಕೆನಿಸಿದಾಗ ಲೈಬ್ರರಿ ಕ್ಲಾಸ್‌ನ ಒಂದು ಸಾಲನ್ನೂ ಮುಟ್ಟಬೇಕಾಗುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಮೊದಲು ಸೇರಿಸುವ ಮತ್ತು ಪಟ್ಟಿ ತೋರಿಸುವ ಎರಡು ಆಯ್ಕೆಗಳನ್ನಷ್ಟೇ ಹೊಸ ಮೆನು ಕ್ಲಾಸ್‌ಗೆ ತಂದು, ಎರಡು ಪುಸ್ತಕ ಸೇರಿಸಿ ಪಟ್ಟಿ ತೆಗೆದು ನೋಡಿ. ಎರಡೂ ಕಾಣಿಸಿದ ಮೇಲೆ ಉಳಿದ ಕೇಸ್‌ಗಳನ್ನು ಒಂದೊಂದಾಗಿ ತನ್ನಿ.