ಟರ್ಕಿ ಬೇಟೆಗೆ ಹೊರಟ ಅಳಿಯನಿಗೆ

ನಿನ್ನ ಪತ್ರ ತಲುಪಿತು. ಮೊದಲನೆಯದಾಗಿ, ನನ್ನನ್ನು ಅಂಕಲ್ ಎಂದು ಕರೆಯಬೇಡ. ನಿನ್ನ ತಾಯಿ ನಮ್ಮ ಒಕ್ಕದ, ಅಂದರೆ ನಮ್ಮ ಮನೆತನದ ಮಗಳು, ಆ ಲೆಕ್ಕದಲ್ಲಿ ನಾನು ನಿನಗೆ ಮಾವ.

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ಗೆ ಕೆಲಸಕ್ಕೆ ಬಂದು ಏಳು ತಿಂಗಳಾಯಿತು, ಭಾನುವಾರ ಕಾರಿನಲ್ಲಿ ಹೋಗುವಾಗ ಜೋಳದ ಹೊಲದ ಅಂಚಿನಲ್ಲಿ ಹನ್ನೆರಡು ಕಾಡು ಟರ್ಕಿ ಕೋಳಿಗಳು ಕಂಡವು, ಈ ವಸಂತದಲ್ಲಿ ಬೇಟೆಗೆ ಹೋಗಬಹುದೇ ಎಂದು ಕೇಳಿದ್ದೀಯ. ಯಾವ ಕೋವಿ, ಯಾವ ಲೈಸೆನ್ಸ್, ಎಲ್ಲಿ ಜಾಗ, ಹಾವು ಇದೆಯೇ ಎಂದೂ ಕೇಳಿದ್ದೀಯ. ಕೊನೆಯ ಸಾಲಿನಲ್ಲಿ, ಮನೆಯ ಕೋವಿಯ ವಿನಾಯಿತಿ ಪತ್ರ ನಿನ್ನ ಹೆಸರಿನಲ್ಲಿದೆ, ಅದು ಇಲ್ಲಿ ನಡೆಯುತ್ತದೆಯೇ ಎಂಬ ಪ್ರಶ್ನೆ. ಓದಿ ಜೋರಾಗಿ ನಕ್ಕೆ. ಆಮೇಲೆ ನೆನಪಾಯಿತು, 1994ರಲ್ಲಿ ರೋಲಾ ಊರಿಗೆ ಓದಲು ಬಂದಾಗ ನಾನೂ ಅಂಥದೇ ಪತ್ರವೊಂದನ್ನು ಮಡಚಿ ಸೂಟ್‌ಕೇಸಿನ ತಳದಲ್ಲಿ ಇಟ್ಟು ತಂದಿದ್ದೆ.

ಅದು ಇಲ್ಲಿ ಬರಿಯ ಕಾಗದ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ಕೊಡವರಾದ ನಮಗಿರುವ ವಿನಾಯಿತಿ ಸಮುದ್ರ ದಾಟುವುದಿಲ್ಲ. ನೀನಿರುವುದು ಎಚ್1ಬಿ ವೀಸಾದಲ್ಲಿ. ಅಂಥ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಈ ದೇಶದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಇಲ್ಲಿಯ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಹಾಗಾಗಿ ಮೊದಲು ಲೈಸೆನ್ಸ್, ಆಮೇಲೆ ಕೋವಿ. ಈ ಕ್ರಮ ತಲೆಕೆಳಗಾಗಬಾರದು. ಸಹೋದ್ಯೋಗಿಯೊಬ್ಬ ಅಕ್ಕರೆಯಿಂದ ಶೂಟಿಂಗ್‌ಗೆ ಕರೆದರೂ ಲೈಸೆನ್ಸ್ ಬರುವವರೆಗೆ ಹೋಗಬೇಡ. ನಿನ್ನ ಕಾಗದಪತ್ರ ನೋಡಿಕೊಳ್ಳುವ ವಲಸೆ ವಕೀಲರನ್ನೂ ಒಂದು ಮಾತು ಕೇಳು. ಅವರ ಶುಲ್ಕ ನೋಡಿ ಹೊಟ್ಟೆ ಉರಿಯುತ್ತದೆ, ಆದರೂ ಕೇಳು. ನಾನಂತೂ ಗ್ರೀನ್ ಕಾರ್ಡ್ ಬರುವವರೆಗೆ ಕೋವಿ ಮುಟ್ಟಲಿಲ್ಲ. ಅಷ್ಟೂ ವರ್ಷ ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಕೋವಿಗೆ ಇಡುವ ತೋಕ್ ಪೂ ಎಂಬ ಹೂ ಸಿಗದೆ, ಇಡಲು ತೋಕೂ (ಕೋವಿಯೂ) ಇಲ್ಲದೆ, ಅಡುಗೆಮನೆಯ ಚಾಕುಗಳನ್ನು ಸಾಲಾಗಿ ಜೋಡಿಸಿ ಚೆಂಡುಹೂ ಇಟ್ಟಿದ್ದೇನೆ. ಹೆಂಡತಿ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ.

ಲೈಸೆನ್ಸ್‌ಗೆ ಮುಂಚೆ ಬೇಟೆ ಶಿಕ್ಷಣದ ಪಾಠವಿದೆ. ಮಿಸೌರಿಯಲ್ಲಿ 1967ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರಿಗೆ ಅದು ಕಡ್ಡಾಯ. ನಿನ್ನ ವಯಸ್ಸಿನವರು ಕಂಪ್ಯೂಟರಿನಲ್ಲೇ ಮುಗಿಸಬಹುದು. ನಾನು ಶಾಲೆಯೊಂದರ ಊಟದ ಕೋಣೆಯಲ್ಲಿ ಹನ್ನೊಂದು, ಹನ್ನೆರಡು ವರ್ಷದ ಮಕ್ಕಳ ನಡುವೆ ಕುಳಿತು ಕಲಿತೆ. ಹುಟ್ಟಿದಾಗ ಈಡು ಹಾರಿಸಿ ಊರಿಗೆ ಸಾರಿದ ಮನೆಯವನು, ನನಗೇನು ಪಾಠ ಎಂಬ ಬಿಗುಮಾನ ಇತ್ತು. ಬೇಲಿ ದಾಟುವ ಮೊದಲು ಕೋವಿಯಿಂದ ತೋಟೆ ತೆಗೆಯಬೇಕೆಂಬುದನ್ನು ಊರಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮಕ್ಕಳಿಗೆ ಅದು ಬಾಯಿಪಾಠ.

ಕೋವಿ ಯಾವುದೆಂದು ತಲೆ ಕೆಡಿಸಿಕೊಳ್ಳಬೇಡ. ಹನ್ನೆರಡು ಅಥವಾ ಇಪ್ಪತ್ತು ಬೋರಿನ ಯಾವ ಶಾಟ್‌ಗನ್ ಆದರೂ ಸಾಕು. ನಾಲ್ಕನೇ ನಂಬರಿಗಿಂತ ದಪ್ಪನೆಯ ಚರೆ ಇಲ್ಲಿ ಸಲ್ಲದು. ಊರಿನಲ್ಲಿ ಹಿರಿಯರು ಹಂದಿಗೆ ಹಾಕುತ್ತಿದ್ದ ಎಲ್‌ಜಿ ತೋಟೆಯ ಮಾತೇ ಎತ್ತಬೇಡ. ಮೈಗೆ ಹೊಡೆಯುವುದಲ್ಲ, ತಲೆ ಮತ್ತು ಕುತ್ತಿಗೆಗೆ. ನಲವತ್ತು ಗಜದಾಚೆಗೆ ಬೇಡವೇ ಬೇಡ. ದೊಡ್ಡ ಕಾಗದದ ಮೇಲೆ ಹೊಡೆದು ನಿನ್ನ ಕೋವಿಯ ಚರೆ ಎಷ್ಟು ದೂರದಲ್ಲಿ ಎಷ್ಟು ಹರಡುತ್ತದೆ ಎಂದು ಮೊದಲೇ ನೋಡಿಕೋ. ಹಾವು ಇದೆ. ನೋಡಿ ಕಾಲಿಡು.

ಜಾಗ ಬೇಕಾದಷ್ಟಿದೆ. ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯವೊಂದೇ ಸುಮಾರು 15 ಲಕ್ಷ ಎಕರೆ. ನಮ್ಮ ಇಡೀ ಕೊಡಗು ಜಿಲ್ಲೆಯನ್ನು ಅದರೊಳಗೆ ಇಟ್ಟರೂ ಇನ್ನೂ ಐದು ಲಕ್ಷ ಎಕರೆ ಮಿಗುತ್ತದೆ. ಅಲ್ಲಿ ಯಾರ ಅಪ್ಪಣೆಯೂ ಬೇಡ, ಖಾಸಗಿ ಜಾಗಕ್ಕೆ ಮಾತ್ರ ಯಜಮಾನನ ಒಪ್ಪಿಗೆ ಬೇಕು. ಋತು ಏಪ್ರಿಲ್‌ನ ಮೂರನೆಯ ಸೋಮವಾರ ಶುರುವಾಗಿ ಮೂರು ವಾರ ಇರುತ್ತದೆ. ಒಟ್ಟು ಎರಡು ಹಕ್ಕಿ ಹೊಡೆಯಬಹುದು, ಗಂಡು ಅಥವಾ ಎದೆಯಲ್ಲಿ ಗಡ್ಡ ಕಾಣುವ ಹಕ್ಕಿ ಮಾತ್ರ. ಹೊಡೆದ ದಿನವೇ ರಾತ್ರಿ ಹತ್ತರೊಳಗೆ ಇಲಾಖೆಗೆ ತಿಳಿಸಬೇಕು. ಆಯಾ ವರ್ಷದ ಪುಸ್ತಿಕೆ ತರಿಸಿ ಓದು, ನನ್ನ ಬಾಯಿಮಾತನ್ನು ನಂಬಬೇಡ.

ಈ ನಿಯಮಗಳಿಗೆ ಬೇಸರಪಡಬೇಡ. 1950ರ ದಶಕದ ಹೊತ್ತಿಗೆ ಈ ರಾಜ್ಯದಲ್ಲಿ ಟರ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಓಝಾರ್ಕ್ ಗುಡ್ಡಗಳಲ್ಲಿ ಉಳಿದಿದ್ದವನ್ನು ಬಲೆ ಹಾಕಿ ಹಿಡಿದು, ಒಂದೊಂದೇ ಕೌಂಟಿಗೆ ಸಾಗಿಸಿ ಬಿಟ್ಟರು. 1960ರಲ್ಲಿ ಮತ್ತೆ ಬೇಟೆ ತೆರೆದಾಗ 14 ಕೌಂಟಿ, ಮೂರೇ ದಿನ, ಸಿಕ್ಕಿದ್ದು 94 ಹುಂಜ. ಹೊಡೆಯುವವರೇ ಲೈಸೆನ್ಸಿನ ಹಣ ಕೊಟ್ಟು ಉಳಿಸಿದ ಹಕ್ಕಿ ಇದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದು ಕೋವಿಗಳು ಗೋಡೆಗೆ ಹೋದವು. ಆ ಕಾನೂನು ಸರಿಯೇ, ನಮ್ಮಜ್ಜಂದಿರು ಲೆಕ್ಕ ಇಟ್ಟು ಹೊಡೆದವರಲ್ಲ. ಆದರೆ ಹೊಡೆದ ಫೋಟೊ ತೆಗೆದು ಊರಿನ ವಾಟ್ಸ್‌ಆಪ್ ಗುಂಪಿಗೆ ಹಾಕಬೇಡ. ನಿನ್ನ ಅಪ್ಪನಿಗೆ ನಾಳೆ ಯಾರಾದರೂ ಬಂದು, ಇದು ಯಾವ ಕಾಡು ಎಂದು ಕೇಳುತ್ತಾರೆ.

ಬೇಟೆಯ ವಿಚಾರಕ್ಕೆ ಬರೋಣ. ನೀನು ಸೋವಿನ ಬೇಟೆಯ ಕಥೆಗಳನ್ನು ಕೇಳಿ ಬೆಳೆದವನು, ನಾಯಿ, ಕೂಗು, ಓಟ. ಇದು ಅದಲ್ಲ. ಇದು ಮರಸು ಕೂರುವ ಕೆಲಸ. ಹಿಂದಿನ ಸಂಜೆ ಹಕ್ಕಿ ಯಾವ ಮರಕ್ಕೆ ಹತ್ತಿತು ಎಂದು ತಿಳಿದುಕೊಂಡು, ಬೆಳಕು ಹರಿಯುವ ಮೊದಲೇ ಹೋಗಿ, ನಿನ್ನ ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಹುಂಜ ಇನ್ನೂ ಕೊಂಬೆಯ ಮೇಲೆ ಇರುವಾಗಲೇ ಗೂಬೆಯ ಕೂಗಿಗೂ ಕಾಗೆಯ ಕೂಗಿಗೂ ಸಿಟ್ಟಿಗೆದ್ದು ಉತ್ತರ ಕೊಡುತ್ತದೆ. ಆಗ ನೀನು ಹೇಂಟೆಯ ದನಿ ಹೊರಡಿಸಬೇಕು. ಅದಕ್ಕೆ ಹಲವು ಸಾಧನಗಳಿವೆ, ಶುರುವಿಗೆ ಸ್ಲೇಟಿನದ್ದು ಒಳ್ಳೆಯದು. ನಾವು ಒಂದನೇ ತರಗತಿಯಲ್ಲಿ ಅಆಇಈ ತಿದ್ದಿದ ಅದೇ ಸ್ಲೇಟುಗಲ್ಲು, ಅಂಗೈಯಗಲದ ಬಟ್ಟಲಿನಲ್ಲಿ ಕೂರಿಸಿರುತ್ತಾರೆ. ಮೇಲೆ ಮರದ ಕಡ್ಡಿಯನ್ನು ಸಣ್ಣಗೆ ಸುತ್ತಿಸಿದರೆ ಹೇಂಟೆ ಕರೆದಂತಾಗುತ್ತದೆ. ಬಳಪ ಗೀಚಿ ಮೇಷ್ಟರಿಂದ ಏಟು ತಿಂದವರಿಗೆ ಇದು ಬೇಗ ಒಲಿಯುತ್ತದೆ.

ಆದರೆ ಟರ್ಕಿಗಳ ಪದ್ಧತಿಯಲ್ಲಿ ಹುಂಜ ನಿಂತಲ್ಲಿ ನಿಂತು ಕೂಗುತ್ತದೆ, ಹೇಂಟೆಯೇ ಅದನ್ನು ಹುಡುಕಿಕೊಂಡು ಹೋಗುವುದು. ನೀನು ಕೇಳುತ್ತಿರುವುದು ಅದಕ್ಕೆ ವಿರುದ್ಧ. ಅದಕ್ಕೇ ಹುಂಜ ನೂರು ಗಜ ದೂರದಲ್ಲಿ ಬಾಲ ಬಿಚ್ಚಿ ನಿಂತು ಒಂದು ಗಂಟೆ ಕಾಯಿಸುತ್ತದೆ. ಹೊಸಬರು ತಾಳ್ಮೆ ಕಳೆದುಕೊಂಡು ಮತ್ತೆ ಮತ್ತೆ ಕರೆಯುತ್ತಾರೆ. ನೀನು ಕರೆದು ಸುಮ್ಮನಿರು. ಅದರ ಕಣ್ಣು ಬಲು ಚುರುಕು, ಮೂಗಿನ ಮೇಲೆ ಕೂತ ಸೊಳ್ಳೆ ಓಡಿಸಿದರೂ ಆಟ ಮುಗಿಯಿತು.

ಕೆಂಪು, ಬಿಳಿ, ನೀಲಿ ಮೈಮೇಲೆ ಎಲ್ಲಿಯೂ ಇರಬಾರದು, ಕರವಸ್ತ್ರವೂ ಸಹ. ಹುಂಜದ ತಲೆಯ ಬಣ್ಣ ಅದೇ. ಸೊಂಟಕ್ಕೆ ಕಟ್ಟುವ ಕೆಂಪು ಚೇಲೆ ಮದುವೆಗಿರಲಿ. ಟರ್ಕಿಯ ದನಿ ಕೇಳಿದ ಕಡೆಗೆ ತೆವಳಿಕೊಂಡು ಹೋಗಬೇಡ, ಅಲ್ಲಿ ಕುಳಿತಿರುವುದು ನಿನ್ನಂತೆ ಸ್ಲೇಟು ಹಿಡಿದ ಮನುಷ್ಯನೇ ಇರಬಹುದು. ಬೇರೆ ಬೇಟೆಗಾರ ಕಂಡರೆ ಕೈ ಬೀಸಬೇಡ, ಬಾಯಿಬಿಟ್ಟು ಗಟ್ಟಿಯಾಗಿ ಮಾತನಾಡು.

ನೀನು ಕೇಳದೇ ಇರುವ ಒಂದು ವಿಷಯವಿದೆ. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕಾಗಿ.

ಉಣುಗು. ಇಲ್ಲಿಯ ಕಾಡಿನಲ್ಲಿ ಏಪ್ರಿಲ್ ಬಂತೆಂದರೆ ಉಣುಗು ಏಳುತ್ತದೆ. ಮೊದಲ ವರ್ಷ ನನ್ನನ್ನು ಕರೆದುಕೊಂಡು ಹೋದ ಇಲ್ಲಿಯ ಗೆಳೆಯ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಬಟ್ಟೆಗೆ ಔಷಧ ಸಿಂಪಡಿಸಿಕೊಂಡು ಬಂದಿದ್ದ. ನನಗೂ ಕೊಡಲು ಬಂದ. ನಾನು ಬೇಡ ಎಂದೆ. ಜೂನ್ ತಿಂಗಳ ಮಳೆಯಲ್ಲಿ ಏಲಕ್ಕಿ ತೋಟದಲ್ಲಿ ಇಂಬಳ ಕಚ್ಚಿಸಿಕೊಂಡ ಕಾಲುಗಳಿವು, ಈ ಎಳ್ಳುಕಾಳಿನಷ್ಟು ಹುಳ ಏನು ಮಾಡೀತು ಎಂದು ಜಂಬ ಕೊಚ್ಚಿದೆ. ಹತ್ತು ವರ್ಷ ಹಾಗೆಯೇ ಹೋದೆ. ಪ್ರತಿ ವಸಂತದಲ್ಲೂ ಸೊಂಟದಿಂದ, ಮೊಣಕಾಲಿನ ಹಿಂದಿನಿಂದ ಹತ್ತಿಪ್ಪತ್ತು ಕಿತ್ತು ಎಸೆಯುತ್ತಿದ್ದೆ. ಹೆಚ್ಚಿನವು ಲೋನ್ ಸ್ಟಾರ್ ಜಾತಿಯವು, ಹೆಣ್ಣಿನ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದೆ. ಇಂಬಳ ರಕ್ತ ಕುಡಿದು ಉದುರಿ ಹೋಗುತ್ತದೆ, ಮಾಡುವುದು ಅಷ್ಟೇ. ಇದು ಹಾಗಲ್ಲ. ಶಿವಮೊಗ್ಗದ ಕಡೆ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ ಎಂದು ಓದಿದ್ದವನಿಗೂ ಆಗ ಬುದ್ಧಿ ಬರಲಿಲ್ಲ.

2011ರ ಸೆಪ್ಟೆಂಬರ್. ಕೈಲ್‌ಪೊಳ್ದಿಗೆ ಸುತ್ತಲಿನ ಐದಾರು ಕೊಡವ ಮನೆಯವರು ನಮ್ಮಲ್ಲಿ ಸೇರಿದ್ದರು. ಅಕ್ಕಿಯ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ಊರಿನಿಂದ ಬಂದ ಕಪ್ಪು ಹುಳಿ ಕಾಚಂಪುಳಿ ಹಾಕಿ ನಾನೇ ಮಾಡಿದ್ದು. ರಾತ್ರಿ ಎಂಟಕ್ಕೆ ಊಟ. ಹನ್ನೆರಡೂವರೆಗೆ ಎಚ್ಚರವಾಯಿತು. ಅಂಗೈ, ಅಂಗಾಲು ಉರಿಯುವಂಥ ತುರಿಕೆ. ದೀಪ ಹಾಕಿದರೆ ಮೈತುಂಬ ದದ್ದು, ತುಟಿ ಊದಿದೆ. ಬಚ್ಚಲಿನ ಬಾಗಿಲ ಬಳಿ ಕುಸಿದು ಬಿದ್ದೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಉಳಿಸಿದರು. ಏನು ತಿಂದಿರಿ ಎಂದು ಕೇಳಿ, ನಾಲ್ಕು ಗಂಟೆಯ ಹಿಂದಿನ ಊಟ ಕಾರಣವಾಗಿರಲಿಕ್ಕಿಲ್ಲ ಎಂದರು. ನಾನೂ ನಂಬಿ ಮುಂದಿನ ವಾರ ಉಳಿದದ್ದನ್ನು ಬಿಸಿ ಮಾಡಿಕೊಂಡು ತಿಂದೆ. ಮತ್ತೆ ನಡುರಾತ್ರಿ, ಮತ್ತೆ ಆಸ್ಪತ್ರೆ.

ಮೂರನೆಯ ಸಲದ ನಂತರ ಅಲರ್ಜಿ ವೈದ್ಯೆಯೊಬ್ಬರು ಕೇಳಿದ ಮೊದಲ ಪ್ರಶ್ನೆ, ನೀವು ಬೇಟೆಗೆ ಹೋಗುತ್ತೀರಾ ಎಂದು. ರಕ್ತ ಪರೀಕ್ಷೆಯಲ್ಲಿ ಹೊರಬಂತು, ಆಲ್ಫಾ-ಗ್ಯಾಲ್. ಹಂದಿ, ದನ, ಕುರಿ, ಜಿಂಕೆ, ಹೀಗೆ ಸಸ್ತನಿಗಳ ಮೈಯಲ್ಲಿರುವ ಒಂದು ಬಗೆಯ ಸಕ್ಕರೆ ಅದು. ಮನುಷ್ಯರಲ್ಲಿ ಇಲ್ಲ. ಉಣುಗು ಕಚ್ಚಿದಾಗ ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಮಾಂಸ ತಿಂದ ಎರಡರಿಂದ ಆರು ಗಂಟೆಯ ನಂತರ ಯುದ್ಧ ಶುರು. ಇದನ್ನು ಗುಣಪಡಿಸುವ ಔಷಧವಿಲ್ಲ. ಮತ್ತೆ ಕಚ್ಚಿಸಿಕೊಳ್ಳದೆ ಇದ್ದರೆ ಕೆಲವರಿಗೆ ವರ್ಷಗಳು ಕಳೆದಂತೆ ಇಳಿಯುತ್ತದೆಯಂತೆ. ನನಗೆ ಇಳಿದಿಲ್ಲ. ಹಕ್ಕಿ ಮತ್ತು ಮೀನಿಗೆ ತೊಂದರೆಯಿಲ್ಲ.

ಕೊಡವನಿಗೆ ಹಂದಿ ಬೇಡವಾಯಿತು ಎಂದು ಊರಿಗೆ ಹೇಗೆ ಹೇಳುವುದು? ಮುಂದಿನ ವರ್ಷ ಊರಿನ ನಮ್ಮ ಮೂಲಮನೆ ಐನ್‌ಮನೆಗೆ ಹೋದಾಗ ಅವ್ವ ನಂಬಲೇ ಇಲ್ಲ. ಉಣುಗು ಕಚ್ಚಿದರೆ ಯಾರಾದರೂ ಪಂದಿ ಬಿಡುತ್ತಾರೆಯೇ, ಯಾವುದೋ ಸ್ವಾಮಿಯ ಮಾತು ಕೇಳಿ ಬಿಟ್ಟಿರಬೇಕು ಎಂದು ಅಕ್ಕನ ಹತ್ತಿರ ಹೇಳಿದರಂತೆ. ನನಗೆ ಬೇರೆ ಪಾತ್ರೆ, ಬೇರೆ ಸೌಟು, ಕೋಳಿ ಕರಿ. ಅವ್ವ ಬಡಿಸುವಾಗ ಎಲ್ಲರ ತಟ್ಟೆಗೂ ಬಾಗಿ ಇನ್ನೊಂದು ತುಂಡು ಹಾಕುತ್ತಿದ್ದರು, ನನ್ನ ಮುಂದೆ ಬಂದು ಸೌಟು ಹಿಡಿದು ಒಂದು ಕ್ಷಣ ನಿಂತು ದಾಟಿ ಹೋಗುತ್ತಿದ್ದರು. ಅದಾದ ಮೇಲೆ ಅವರು ನಾಲ್ಕು ಕೈಲ್‌ಪೊಳ್ದು ಕಂಡರು. ನಾಲ್ಕರಲ್ಲೂ ನಾನಿದ್ದೆ, ನಾಲ್ಕರಲ್ಲೂ ಅವರ ಕೈಯ ಪಂದಿ ಕರಿ ತಿನ್ನಲಿಲ್ಲ. ಐದು ನಿಮಿಷದ ಔಷಧ ಸಿಂಪಡಣೆಗೆ ಜಂಬ ಅಡ್ಡ ಬಂದದ್ದು.

ಹಾಗಾಗಿ ಕೋವಿಗಿಂತ ಮೊದಲು ಪರ್ಮೆಥ್ರಿನ್ ಕೊಂಡುಕೋ, 0.5 ಶೇಕಡಾದ್ದು. ಅದು ಬಟ್ಟೆಗೆ ಮತ್ತು ಬೂಟಿಗೆ, ಮೈಗಲ್ಲ. ಹಿಂದಿನ ದಿನ ಹೊರಗೆ ತೂಗುಹಾಕಿ ಸಿಂಪಡಿಸಿ ಚೆನ್ನಾಗಿ ಒಣಗಿಸು. ನೀನು ಬೆಕ್ಕು ಸಾಕಿದ್ದೀಯ ಎಂದು ನಿನ್ನ ತಾಯಿ ಹೇಳಿದಳು, ಒದ್ದೆ ಇರುವಾಗ ಅದರ ಹತ್ತಿರ ಬಿಡಬೇಡ, ಬೆಕ್ಕಿಗೆ ಅದು ವಿಷ. ಚರ್ಮಕ್ಕೆ ಡೀಟ್ ಇರುವ ಲೇಪ ಬೇರೆ ಹಚ್ಚಿಕೋ. ಪ್ಯಾಂಟು ಕಾಲುಚೀಲದೊಳಗೆ. ಮನೆಗೆ ಬಂದ ತಕ್ಷಣ ಬಟ್ಟೆ ಬಿಚ್ಚಿ ಬಿಸಿ ಡ್ರೈಯರಿಗೆ ಹಾಕು, ಸ್ನಾನ ಮಾಡು, ಕಂಕುಳು, ಸೊಂಟ, ಮೊಣಕಾಲ ಹಿಂಭಾಗ ನೋಡಿಕೋ. ಅಂಟಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆ. ಇಂಬಳಕ್ಕೆ ಮಾಡುವಂತೆ ಸುಣ್ಣ, ಹೊಗೆಸೊಪ್ಪು, ಉಪ್ಪು ಎಂದು ಹೋಗಬೇಡ.

ನಾನು ಈಗಲೂ ಹೋಗುತ್ತೇನೆ. ಹೆಂಡತಿಗೆ ಇಷ್ಟವಿಲ್ಲ. ಆದರೆ ಬೆಳಗಿನ ಐದೂವರೆಗೆ ಓಕ್ ಮರದ ಬುಡದಲ್ಲಿ ಕುಳಿತಾಗ, ಮೊದಲ ಹುಂಜ ಕೂಗಿದ ಕೂಡಲೇ ಬೆಟ್ಟದಾಚೆಯಿಂದ ಇನ್ನೊಂದು ಉತ್ತರಿಸುತ್ತದೆ, ಅದನ್ನು ಕೇಳದೆ ಏಪ್ರಿಲ್ ಕಳೆಯುವುದು ನನ್ನಿಂದಾಗದು. ಹೊಡೆದ ಹಕ್ಕಿಯ ಕಾಲನ್ನು ಪಂದಿ ಕರಿಯ ಮಸಾಲೆಯಲ್ಲೇ ಬೇಯಿಸುತ್ತೇನೆ, ಕರಿಮೆಣಸು ಹುರಿದು, ಕಾಚಂಪುಳಿ ಹಾಕಿ, ಮೂರು ಗಂಟೆ ಸಣ್ಣ ಉರಿಯಲ್ಲಿ. ಬಣ್ಣ ಬರುತ್ತದೆ, ಹುಳಿ ಬರುತ್ತದೆ. ಕೊಬ್ಬು ಮಾತ್ರ ಎಲ್ಲಿಂದ ತರುವುದು?

ಪಾಠ ಮುಗಿಸಿ ಲೈಸೆನ್ಸ್ ತೆಗೆದುಕೊಂಡು, ಋತು ಶುರುವಾಗುವ ಹಿಂದಿನ ಶನಿವಾರವೇ ಬಾ. ಒಂದು ದಿನ ಕೋವಿಯ ಚರೆ ನೋಡೋಣ, ಬಟ್ಟೆ ಒಣಗಿಸೋಣ. ನಿನ್ನ ತಾಯಿ ಕೊಟ್ಟು ಕಳುಹಿಸಿದ ಕಾಚಂಪುಳಿ ಬಾಟಲಿ ಇನ್ನೂ ಉಳಿದಿದ್ದರೆ ತಾ. ಪಂದಿ ತಿನ್ನುವ ಆಸೆಯಿದ್ದರೆ ಶುಕ್ರವಾರವೇ ನಿನ್ನ ಮನೆಯಲ್ಲಿ ತಿಂದು ಮುಗಿಸಿ ಬಾ, ನಮ್ಮ ಮನೆಯ ಒಲೆಯ ಮೇಲೆ ಅದು ಏರುವುದಿಲ್ಲ.