ಸಂಪಾದಕರ ಉತ್ತರ: ಆಗಸ್ಟ್‌ನಲ್ಲೇ ಮುಗಿದುಹೋದ 1994

ಜಾಲಹಳ್ಳಿಯ ಓದುಗರೊಬ್ಬರ ಆರು ಪುಟಗಳ ಪತ್ರ ಮೇಜಿನ ಮೇಲಿದೆ. ಸಾರ್ವಜನಿಕ ಉದ್ದಿಮೆಯೊಂದರಲ್ಲಿ ದುಡಿದು ನಿವೃತ್ತರಾದ ಇವರು ವರ್ಷದಲ್ಲಿ ಕೆಲವು ತಿಂಗಳು ನ್ಯೂಜೆರ್ಸಿಯ ಮಗಳ ಮನೆಯಲ್ಲಿರುತ್ತಾರೆ. ಅಲ್ಲಿ ಮೊಮ್ಮಗನ ಜೊತೆ ಕೂತು ನೋಡಿ ನೋಡಿ ಬೇಸ್‌ಬಾಲ್ ಹುಚ್ಚು ಹತ್ತಿಸಿಕೊಂಡಿದ್ದಾರೆ. ಅವರ ತಕರಾರು ಮೂರು. ಒಂದು, ‘1905ರಿಂದ ಒಂದು ವರ್ಷವೂ ತಪ್ಪದೆ ವರ್ಲ್ಡ್ ಸೀರೀಸ್ ನಡೆದಿದೆ’ ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ತಪ್ಪು (ಅಮೆರಿಕದ ಎರಡು ಬೇಸ್‌ಬಾಲ್ ಲೀಗುಗಳ ವಿಜೇತರು ವರ್ಷದ ಚಾಂಪಿಯನ್ ಪಟ್ಟಕ್ಕೆ ಆಡುವ ಸರಣಿ ಅದು). ಎರಡು, ಮೊಮ್ಮಗ ಗೋಡೆಗೆ ಅಂಟಿಸಲು ಬರೆಯುತ್ತಿರುವ ಚಾಂಪಿಯನ್ನರ ಪಟ್ಟಿಯಲ್ಲಿ 1994ರ ಎದುರು ಕೆನಡಾದ ತಂಡ ಮಾಂಟ್ರಿಯಲ್ ಎಕ್ಸ್‌ಪೋಸ್ ಎಂದು ಬರೆಸುವುದೇ ನ್ಯಾಯ. ಮೂರನೆಯದನ್ನು ಅವರ ಮಾತಿನಲ್ಲೇ ಕೊಡುತ್ತೇನೆ: “1980-81ರಲ್ಲಿ ನಾವು ಬೆಂಗಳೂರಿನಲ್ಲಿ 77 ದಿನ ಮಾಡಿದ್ದು ಮುಷ್ಕರ. ಹೆಂಡತಿಯ ಬಳೆ ಅಡವಿಟ್ಟು ಮಾಡಿದ್ದು. ಕೋಟ್ಯಧೀಶರು ಆಟ ನಿಲ್ಲಿಸಿದರೆ ಅದನ್ನೂ ಮುಷ್ಕರ ಎಂದೇ ಕರೆಯಬೇಕೇ?”

ಮಾನ್ಯರೇ, ಮೊದಲನೆಯದಕ್ಕೆ ವಾದವಿಲ್ಲ. ತಪ್ಪು ನಮ್ಮದು. ಎರಡು ಮಹಾಯುದ್ಧಗಳಿಗೂ ನಿಲ್ಲದ, 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಭೂಕಂಪಕ್ಕೂ ಹತ್ತು ದಿನ ಮಾತ್ರ ಮುಂದಕ್ಕೆ ಹೋದ ಸರಣಿ 1994ರಲ್ಲಿ ನಡೆಯಲೇ ಇಲ್ಲ. ಆಗಸ್ಟ್‌ನಲ್ಲಿ ಶುರುವಾದ ಆಟಗಾರರ ಮುಷ್ಕರ ಮುಗಿಯದೆ, ಸೆಪ್ಟೆಂಬರ್ 14ರಂದು ಅದನ್ನು ರದ್ದುಗೊಳಿಸಿದರು. ಆಗ ನಾನು ಪತ್ರಿಕೆಯೊಂದರ ಕ್ರೀಡಾ ಪುಟದಲ್ಲಿ ಕಿರಿಯ ಉಪಸಂಪಾದಕ. ಟೆಲಿಪ್ರಿಂಟರಿನಲ್ಲಿ ಬಂದ ಆ ಸುದ್ದಿಯನ್ನು, ನಮ್ಮ ಓದುಗರಿಗೆ ಇದೆಲ್ಲ ಯಾಕೆ ಎಂದುಕೊಂಡು ಕಸದ ಬುಟ್ಟಿಗೆ ಹಾಕಿದ್ದೆ. ಅದು ಈಗ ನಿಮ್ಮ ಕೈಯಿಂದ ಮರಳಿ ಬಂದಿದೆ.

ಎರಡನೆಯದಕ್ಕೆ ಬರುತ್ತೇನೆ. ಅದನ್ನು ಬರೆಯುವಾಗ ನಿಮ್ಮ ಕೈ ನಡುಗಿರಬೇಕು. ಅಕ್ಷರ ನೋಡಿದರೆ ತಿಳಿಯುತ್ತದೆ. ಆಟ ನಿಂತ ದಿನ ಎಕ್ಸ್‌ಪೋಸ್ 74 ಪಂದ್ಯ ಗೆದ್ದು 40 ಸೋತಿತ್ತು. ಅಮೆರಿಕನ್ ಮತ್ತು ನ್ಯಾಷನಲ್ ಎರಡೂ ಲೀಗುಗಳಲ್ಲಿ ಅದಕ್ಕಿಂತ ಒಳ್ಳೆಯ ದಾಖಲೆ ಯಾರದೂ ಇರಲಿಲ್ಲ. ತಮ್ಮದೇ ವಿಭಾಗದ ಬಲಾಢ್ಯ ಅಟ್ಲಾಂಟಾಕ್ಕಿಂತ ಅವರು ಆರು ಪಂದ್ಯ ಮುಂದಿದ್ದರು. ಫೆಲಿಪೆ ಅಲೂ ಮ್ಯಾನೇಜರ್, ಅವರ ಮಗ ಮೊಯ್ಸೆಸ್ ಅಲೂ, ಲ್ಯಾರಿ ವಾಕರ್ ಮತ್ತು ಮಾರ್ಕಿಸ್ ಗ್ರಿಸಮ್ ಔಟ್‌ಫೀಲ್ಡಿನಲ್ಲಿ, ಪಿಚ್ ಮಾಡಲು ಕೆನ್ ಹಿಲ್ ಮತ್ತು ಇನ್ನೂ 22 ವರ್ಷದ ಪೆಡ್ರೋ ಮಾರ್ಟಿನೆಸ್. ಇಷ್ಟೆಲ್ಲ ಇದ್ದೂ ಸಂಬಳಕ್ಕೆ ಅತಿ ಕಡಿಮೆ ಖರ್ಚು ಮಾಡುವ ತಂಡಗಳ ಪಟ್ಟಿಯಲ್ಲಿ ಅದು ಎರಡನೆಯದು.

ಆದರೂ ಚಾಂಪಿಯನ್ ಎನ್ನಲಾರೆ. ‘ಹೀಗೇ ಮುಂದುವರಿದಿದ್ದರೆ’ ಎಂಬ ಲೆಕ್ಕ ನಿಮ್ಮ ಪತ್ರದ ನಾಲ್ಕನೆಯ ಪುಟದ ತುಂಬ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಮ್ಯಾಟ್ ವಿಲಿಯಮ್ಸ್, ತಂಡ ಆಡಿದ 115 ಪಂದ್ಯಗಳಲ್ಲಿ 43 ಹೋಮ್ ರನ್ (ನಮ್ಮ ಸಿಕ್ಸರಿನ ಹಾಗೆ ಚೆಂಡನ್ನು ಅಂಗಳದಾಚೆ ಅಟ್ಟುವ ಹೊಡೆತ) ಹೊಡೆದಿದ್ದರು. ಇಡೀ ಋತುವಿನ 162 ಪಂದ್ಯಕ್ಕೆ ಗುಣಿಸಿದರೆ ಹೆಚ್ಚುಕಡಿಮೆ 61, ಅಂದರೆ 1961ರಲ್ಲಿ ರೋಜರ್ ಮ್ಯಾರಿಸ್ ಬರೆದ ದಾಖಲೆಗೆ ಸಮ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಅದೇ ವರ್ಷದ ಜೆಫ್ ಬ್ಯಾಗ್‌ವೆಲ್ ಅವರನ್ನು ನೋಡಿ. ಹ್ಯೂಸ್ಟನ್ ಪರ ಬ್ಯಾಟಿಂಗ್ ಸರಾಸರಿ 0.368 (ಸಾವಿರ ಸರದಿಗೆ 368 ಹಿಟ್‌ನ ಲೆಕ್ಕ), 39 ಹೋಮ್ ರನ್. ಅವರಿಗೂ ಇದೇ ಗುಣಾಕಾರ ಮಾಡಿದರೆ ಬೆರಗಾಗುವ ಅಂಕಿ ಬರುತ್ತದೆ. ಆಗಸ್ಟ್ 10ರಂದು, ಕೊನೆಯ ಪಂದ್ಯಗಳ ಹಿಂದಿನ ದಿನ, ಚೆಂಡು ಬಡಿದು ಅವರ ಕೈಮೂಳೆ ಮುರಿಯಿತು. ಮುಷ್ಕರವಿಲ್ಲದಿದ್ದರೂ ಅವರು ವಾರಗಟ್ಟಲೆ ಹೊರಗೆ ಕೂರಬೇಕಿತ್ತು. ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ನ್ಯಾಷನಲ್ ಲೀಗಿನಲ್ಲಿ ಸರ್ವಾನುಮತದಿಂದ ಬಂದದ್ದು ಅವರಿಗೇ. ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನುವ ಲೆಕ್ಕಕ್ಕೆ ಮುರಿದ ಕೈ ಕಾಣುವುದಿಲ್ಲ.

ಗುಣಿಸಲು ಹೊರಟವರು ಟೆಕ್ಸಸ್ ರೇಂಜರ್ಸ್ ಕಡೆಗೂ ಕಣ್ಣು ಹಾಯಿಸಲಿ. 52 ಗೆಲುವು, 62 ಸೋಲು. ಆದರೂ ತನ್ನ ವಿಭಾಗದಲ್ಲಿ ಅದೇ ಮೊದಲು! ಅಂಥ ವರ್ಷ ಅದು.

ಒಂದು ಕಡೆ ಮಾತ್ರ ನನಗೂ ಮನಸ್ಸು ತಡೆಯುವುದಿಲ್ಲ. ಅದು ಟೋನಿ ಗ್ವಿನ್. ಬೇಸ್‌ಬಾಲ್ ತಿಳಿಯದ ಓದುಗರಿಗಾಗಿ ಹೇಳುತ್ತೇನೆ: ಬ್ಯಾಟ್ ಹಿಡಿದು ನಿಂತ ಹತ್ತು ಸರದಿಯಲ್ಲಿ ಮೂರು ಸಲ ಹಿಟ್ ಗಳಿಸಿದವನು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದವನು, ಉತ್ತಮ ಆಟಗಾರ. ನಾಲ್ಕು ಸಲ ಗಳಿಸಿ ಇಡೀ ಋತು ದಾಟಿದವರು ಆ ಎರಡು ಲೀಗುಗಳಲ್ಲಿ 1941ರ ಟೆಡ್ ವಿಲಿಯಮ್ಸ್ ಆದಮೇಲೆ ಒಬ್ಬರೂ ಇಲ್ಲ. ಕೊನೆಯ ದಿನದ ಎರಡು ಪಂದ್ಯಗಳಿಗೆ ಮುಂಚೆ ವಿಲಿಯಮ್ಸ್ ಅವರ ಸರಾಸರಿ 0.39955. ಆಡದೆ ಕೂತಿದ್ದರೂ ದುಂಡು ಮಾಡಿ 0.400 ಎಂದು ಬರೆಯುತ್ತಿದ್ದರು. ಅವರು ಕೂರಲಿಲ್ಲ. ಎಂಟರಲ್ಲಿ ಆರು ಹಿಟ್ ಹೊಡೆದು 0.406ಕ್ಕೆ ಮುಗಿಸಿದರು. ಸ್ಯಾನ್ ಡಿಯೇಗೋದ ಗ್ವಿನ್ 1994ರಲ್ಲಿ ನಿಂತದ್ದು 419 ಸರದಿಗೆ 165 ಹಿಟ್, ಅಂದರೆ 0.394ರಲ್ಲಿ. ಅಷ್ಟೇ ಸರದಿಗಳಲ್ಲಿ ಇನ್ನು ಮೂರು ಹಿಟ್ ಬಂದಿದ್ದರೆ 0.400 ದಾಟುತ್ತಿತ್ತು. ಆಗಸ್ಟ್ 11ರ ಕೊನೆಯ ಪಂದ್ಯದಲ್ಲಿಯೂ ಅವರು ಮೂರು ಹಿಟ್ ಹೊಡೆದಿದ್ದರು.

ನಮಗೆ ಇಲ್ಲಿ ಬ್ರಾಡ್‌ಮನ್ ನೆನಪಾಗದೆ ಇರುವುದಿಲ್ಲ. ನೂರರ ಸರಾಸರಿಗೆ ನಾಲ್ಕು ರನ್ ಬೇಕಿತ್ತು, 1948ರಲ್ಲಿ ಓವಲ್‌ನಲ್ಲಿ ಹಾಲಿಸ್ ಎಸೆತಕ್ಕೆ ಸೊನ್ನೆಗೆ ಬೌಲ್ಡ್ ಆದರು. ಆದರೆ ಬ್ರಾಡ್‌ಮನ್ ಕ್ರೀಸಿನವರೆಗೆ ನಡೆದು ಹೋಗಿದ್ದರು, ಎರಡು ಚೆಂಡು ಎದುರಿಸಿದ್ದರು. ಗ್ವಿನ್‌ಗೆ ಸೋಲಲಿಕ್ಕೂ ಅವಕಾಶ ಸಿಗಲಿಲ್ಲ. ಇನ್ನೂ ಏಳು ವರ್ಷ ಆಡಿದರು, ಒಟ್ಟು ಎಂಟು ಬಾರಿ ಲೀಗಿನ ಬ್ಯಾಟಿಂಗ್ ಅಗ್ರಸ್ಥಾನ ಪಡೆದರು, ಆದರೆ ಆ ಎತ್ತರಕ್ಕೆ ಮತ್ತೆ ಹತ್ತಲಿಲ್ಲ. 2014ರಲ್ಲಿ ತೀರಿಕೊಂಡರು.

ಇನ್ನು ಮುಷ್ಕರದ ಮಾತು. ಇಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳ ಆಡಬೇಕಾಗಿದೆ, ಕ್ಷಮಿಸಿ. ಆಟಗಾರರ ಸರಾಸರಿ ಸಂಬಳ ಆಗ ವರ್ಷಕ್ಕೆ ಸುಮಾರು 12 ಲಕ್ಷ ಡಾಲರ್. ನಿಮ್ಮ 77 ದಿನಗಳ ಪಕ್ಕದಲ್ಲಿ ಅವರ 232 ದಿನಗಳನ್ನು ಇಡಲು ನನಗೂ ಸಂಕೋಚವೇ. ಆದರೆ ಅವರು ಕೂಲಿ ಹೆಚ್ಚಿಸಿ ಎಂದು ಕೇಳಿದ್ದಲ್ಲ. ಸಂಬಳಕ್ಕೆ ಮೇಲ್ಮಿತಿ ಹಾಕುತ್ತೇವೆ ಎಂದು ಹೊರಟವರು ಮಾಲೀಕರು.

ಹಿಂದಿನ ಕಥೆ ಗೊತ್ತಿಲ್ಲದೆ ಈ ಜಗಳ ಅರ್ಥವಾಗುವುದಿಲ್ಲ. 1975ರ ಕೊನೆಯವರೆಗೆ, ಒಮ್ಮೆ ಸಹಿ ಹಾಕಿದ ಆಟಗಾರ ಕ್ಲಬ್ಬು ತಾನಾಗಿ ಬಿಡುವವರೆಗೆ ಅದರ ಸ್ವತ್ತು. ಮಾರಿದರೆ ಮಾರಿದ ಕಡೆ ಹೋಗಬೇಕು. 1969ರಲ್ಲಿ ಸೇಂಟ್ ಲೂಯಿಸ್‌ನಿಂದ ಫಿಲಡೆಲ್ಫಿಯಾಕ್ಕೆ ಕಳಿಸಿದಾಗ ಕರ್ಟ್ ಫ್ಲಡ್ ಒಬ್ಬರೇ ಹೋಗುವುದಿಲ್ಲ ಎಂದರು. ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತರು. ಆಮೇಲೆ ಪೀಟರ್ ಸೀಟ್ಜ್ ಎಂಬ ಮಧ್ಯಸ್ಥರ ತೀರ್ಪಿನಿಂದ ಆ ಕಟ್ಟು ಬಿಚ್ಚಿತು. ಹತ್ತು ವರ್ಷ ಕಳೆದಿತ್ತಷ್ಟೇ, ಮಾಲೀಕರು ಒಳಗೊಳಗೇ ಮಾತಾಡಿಕೊಂಡು ಬಿಡುಗಡೆಯಾದ ಆಟಗಾರರನ್ನು ಯಾರೂ ಕೊಳ್ಳದಂತೆ ನೋಡಿಕೊಂಡರು. ಸಿಕ್ಕಿಬಿದ್ದು, 1990ರಲ್ಲಿ 28 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದರು. 1992ರಲ್ಲಿ ಇಡೀ ಆಟದ ಆಡಳಿತ ನೋಡುವ ಕಮಿಷನರ್ ಫೇ ವಿನ್ಸೆಂಟ್ ಮಾಲೀಕರ ಒತ್ತಡಕ್ಕೆ ರಾಜೀನಾಮೆ ಕೊಟ್ಟ ಮೇಲೆ ಆ ಕುರ್ಚಿಯ ಉಸ್ತುವಾರಿ ಮಿಲ್ವಾಕಿ ತಂಡದ ಮಾಲೀಕ ಬಡ್ ಸೀಲಿಗ್ ಅವರದಾಯಿತು. ಎದುರಾಳಿಯೇ ಪಂಚನಾಗಿ ಕೂತರೆ ನಿಮ್ಮ ಸಂಘ ನಂಬುತ್ತಿತ್ತೇ?

ಆಗಸ್ಟ್ ತಿಂಗಳನ್ನೇ ಆರಿಸಿಕೊಂಡದ್ದು ದ್ರೋಹ ಎಂದು ಬರೆದಿದ್ದೀರಿ. ಮಾಲೀಕರ ದೊಡ್ಡ ವರಮಾನ ಅಕ್ಟೋಬರಿನ ಟಿವಿ ಹಣದಲ್ಲಿತ್ತು. ಋತು ಮುಗಿದಮೇಲೆ ಆಟಗಾರರ ಕೈಯಲ್ಲಿ ಹಿಡಿಯಲು ಏನೂ ಉಳಿಯುವುದಿಲ್ಲ. ಚಳಿಗಾಲದಲ್ಲಿ ಮಾಲೀಕರು ತಮ್ಮ ಷರತ್ತನ್ನು ಹೇರುತ್ತಾರೆ ಎಂಬುದು ಆಟಗಾರರ ಸಂಘದ ಭಯ. ಡಿಸೆಂಬರಿನಲ್ಲಿ ಅವರು ಹೇರಿಯೇ ಬಿಟ್ಟರು. ಬೇಸ್‌ಬಾಲ್ ದಂತಕಥೆ ಬೇಬ್ ರೂತ್ ಹುಟ್ಟಿ ನೂರು ವರ್ಷ ತುಂಬುವ 1995ರ ಫೆಬ್ರುವರಿ 6ರೊಳಗೆ ಒಪ್ಪಂದಕ್ಕೆ ಬನ್ನಿ ಎಂದು ಅಧ್ಯಕ್ಷ ಕ್ಲಿಂಟನ್ ಗಡುವು ಕೊಟ್ಟರೂ ಯಾರೂ ಕದಲಲಿಲ್ಲ. ಮಾಲೀಕರು ಬದಲಿ ಆಟಗಾರರನ್ನು ಕರೆತಂದು ಅಭ್ಯಾಸ ಪಂದ್ಯಗಳನ್ನೂ ಆಡಿಸಿದರು. ಬದಲಿ ಕಾರ್ಮಿಕರು ಗೇಟಿನೊಳಗೆ ಹೋಗುವುದೆಂದರೇನು ಎಂದು ನಿಮಗೆ ನಾನು ವಿವರಿಸಬೇಕಿಲ್ಲ. ಡೆಟ್ರಾಯಿಟ್‌ನ ಹಿರಿಯ ಮ್ಯಾನೇಜರ್ ಸ್ಪಾರ್ಕಿ ಆಂಡರ್ಸನ್ ಅಂಥವರನ್ನು ಆಡಿಸಲು ಒಪ್ಪದೆ ರಜೆ ಹಾಕಿ ಹೊರಟರು. ಕಡೆಗೆ ಮಾರ್ಚ್ 31ರಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶೆಯೊಬ್ಬರು ಮಾಲೀಕರ ವಿರುದ್ಧ ತಡೆಯಾಜ್ಞೆ ಕೊಟ್ಟರು, ಮುಷ್ಕರ ಮುಗಿಯಿತು. ಆ ನ್ಯಾಯಾಧೀಶೆ ಸೋನಿಯಾ ಸೊಟೊಮಾಯೋರ್. 2009ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು.

ಆದ್ದರಿಂದ ಅದು ಮುಷ್ಕರವೇ. ಶ್ರೀಮಂತರದು, ಆದರೂ ಮುಷ್ಕರ. ಅಂಗಳದಲ್ಲಿ ಕಡಲೆಕಾಯಿ ಮಾರುವವನ ಗತಿಯನ್ನು ಎರಡೂ ಕಡೆಯವರು ಕೇಳಲಿಲ್ಲ ಎಂಬ ನಿಮ್ಮ ಸಿಟ್ಟಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ಗಂಡಹೆಂಡಿರ ಜಗಳದಲ್ಲಿ ಬಡವಾದ ಕೂಸು ಮಾಂಟ್ರಿಯಲ್. ಮೇಲ್ಮಿತಿ ಇಲ್ಲದಿದ್ದರೆ ಸಣ್ಣ ಊರಿನ ಬಡ ತಂಡಗಳು ಗೆಲ್ಲಲಾರವು ಎಂಬುದು ಮಾಲೀಕರ ವಾದವಾಗಿತ್ತು. ಆ ವಾದವನ್ನು ಅದೇ ವರ್ಷ, ಅದೇ ಹೊತ್ತಿಗೆ, ಮೈದಾನದಲ್ಲಿ ಸುಳ್ಳು ಮಾಡುತ್ತಿದ್ದದ್ದು ಎಕ್ಸ್‌ಪೋಸ್. ಮುಷ್ಕರ ಮುಗಿದ ಕೆಲವೇ ದಿನಗಳಲ್ಲಿ, 1995ರ ಏಪ್ರಿಲ್‌ನಲ್ಲಿ, ಖರ್ಚು ಇಳಿಸಬೇಕೆಂದು ಹಿಲ್, ಗ್ರಿಸಮ್, ಪಿಚರ್ ಜಾನ್ ವೆಟ್‌ಲ್ಯಾಂಡ್ ಮೂವರನ್ನೂ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ವಾಕರ್ ಕೆನಡಾದವರೇ, ಅವರನ್ನೂ ಉಳಿಸಿಕೊಳ್ಳಲಿಲ್ಲ, ಕೊಲರಾಡೋಗೆ ಹೋದರು. 1997ರ ಋತುವಿನ ನಂತರ ಪೆಡ್ರೋ ಬಾಸ್ಟನ್‌ಗೆ. ಜನ ಬರುವುದು ಕಡಿಮೆಯಾಯಿತು. 2004ರ ಸೆಪ್ಟೆಂಬರ್ 29ರಂದು ಒಲಿಂಪಿಕ್ ಸ್ಟೇಡಿಯಂನಲ್ಲಿ ಕೊನೆಯ ಪಂದ್ಯಕ್ಕೆ ಮೂವತ್ತೊಂದು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಮರುವರ್ಷ ತಂಡ ವಾಷಿಂಗ್ಟನ್‌ಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. 2019ರಲ್ಲಿ ವರ್ಲ್ಡ್ ಸೀರೀಸ್ ಗೆದ್ದದ್ದು ಅದೇ ತಂಡ. ಮಾಂಟ್ರಿಯಲ್‌ನವರು ಅದನ್ನು ತಮ್ಮದೆಂದುಕೊಂಡರೋ ಇಲ್ಲವೋ, ಕೇಳಲು ನನಗೆ ಧೈರ್ಯವಿಲ್ಲ.

ಮುಂದಿನ ಸಂಚಿಕೆಯ ಮೂರನೆಯ ಪುಟದಲ್ಲಿ ತಿದ್ದುಪಡಿ ಪ್ರಕಟಿಸುತ್ತೇವೆ. ನಿಮ್ಮ ಮೊಮ್ಮಗನಿಗೆ ಹೇಳಿ: 1994ರ ಎದುರು ಒಂದು ಗೆರೆ ಎಳೆಯಲಿ. ಗೆರೆಯ ಕೆಳಗೆ ಜಾಗ ಉಳಿದರೆ, ಪೆನ್ಸಿಲಿನಲ್ಲಿ, 74-40 ಎಂದು ಬರೆದುಕೊಳ್ಳಲಿ.